ಮನೆಯವರು ಬರುವುದಿಲ್ಲ

ಶನಿವಾರ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಗಾಣಿಗರ ಬೀದಿಯ ಹದಿನೇಳನೇ ನಂಬರಿನ ಮನೆ ಮುಚ್ಚಿತು. ಒಳಗಿದ್ದ ಇಬ್ಬರು ಹೆಂಗಸರು ಅದಕ್ಕೆ ಐದು ನಿಮಿಷ ಮೊದಲೇ ಎರಡು ಬ್ಯಾಗು, ಒಂದು ಬುಟ್ಟಿ, ಒಂದು ಊರುಗೋಲಿನ ಸಮೇತ ಜಗಲಿಯಿಂದ ಇಳಿದು ಬೀದಿಯಲ್ಲಿ ನಿಂತಿದ್ದರು. ಅದೇ ಹೊತ್ತಿಗೆ ಮೂರು ಬೀದಿ ಆಚೆ ನನ್ನ ಮನೆಯೂ ಮುಚ್ಚಿತು. ಆ ವಾರ ಮುಚ್ಚುವ ಮನೆಗಳು ಒಟ್ಟು ಅರವತ್ತನಾಲ್ಕು. ಇದನ್ನು ನೆನಪಿನಿಂದ ಹೇಳುತ್ತಿಲ್ಲ. ಹಿಂದಿನ ಭಾನುವಾರದ ಪತ್ರಿಕೆಯ ಕೊನೆಯ ಪುಟದಲ್ಲಿ ಪಟ್ಟಿ ಅಚ್ಚಾಗಿತ್ತು.

ನಮ್ಮೂರಿನಲ್ಲಿ ಪ್ರತಿ ಮನೆಯೂ ವರ್ಷಕ್ಕೊಮ್ಮೆ ಏಳು ದಿನ ಮುಚ್ಚುತ್ತದೆ. ಬಾಗಿಲು ತಾನಾಗಿ ಎಳೆದುಕೊಳ್ಳುತ್ತದೆ, ಬೀಗದ ಕೈ ತಿರುಗುವುದಿಲ್ಲ, ಕಿಟಕಿಗಳು ಕಲ್ಲಿನ ಹಾಗೆ ಕೂತುಬಿಡುತ್ತವೆ. ಎಂಟನೆಯ ದಿನ ಅದೇ ಹೊತ್ತಿಗೆ ತೆರೆಯುತ್ತದೆ. ಯಾವ ಮನೆಗೆ ಯಾವ ವಾರ ಎಂಬುದು ಗೃಹಪ್ರವೇಶದ ದಿನದಿಂದಲೇ ಗೊತ್ತು. ಹೆಣ್ಣು ಕೊಡುವವರು ಮೊದಲು ಕೇಳುವುದೇ "ನಿಮ್ಮದು ಯಾವ ವಾರ?" ಎಂದು. ಮಳೆಗಾಲದ ವಾರ ಎಂದರೆ ಸ್ವಲ್ಪ ಹಿಂದೆಮುಂದೆ ನೋಡುತ್ತಾರೆ. ಮುಚ್ಚುವ ಹಿಂದಿನ ದಿನ ಹೆಪ್ಪಿನ ಲೋಟ ಪಕ್ಕದ ಮನೆಗೆ ಹೋಗುತ್ತದೆ, ತುಳಸಿಕಟ್ಟೆಗೆ ನೀರು ಹಾಕುವ ಕೆಲಸ ಎದುರು ಮನೆಗೆ ಹೋಗುತ್ತದೆ, ಬೆಕ್ಕು ತನಗೆ ಬೇಕಾದ ಕಡೆ ಹೋಗುತ್ತದೆ. ಮನುಷ್ಯರು ಮಾತ್ರ ಹಾಗೆ ಹೋಗುವಂತಿಲ್ಲ. ಮನೆ ಮುಚ್ಚಿದವರು ಇನ್ನೊಬ್ಬರ ಮನೆಯೊಳಗೆ ಕಾಲಿಟ್ಟರೆ ಆ ಮನೆಯೂ ಮುಚ್ಚುತ್ತದೆ. ತೋಟದ ಬೀದಿಯ ಒಬ್ಬಾಕೆ ಹೀಗೆ ತನ್ನ ಅಕ್ಕನ ಮನೆಗೆ ಹೋಗಿ, ಅಕ್ಕ, ಭಾವ, ಅವರ ಬಾಡಿಗೆದಾರರು ಎಲ್ಲರೂ ಏಳು ದಿನ ಹೊರಗೆ ನಿಂತರು. ಅಕ್ಕತಂಗಿಯರು ಇವತ್ತಿಗೂ ಮಾತಾಡುವುದಿಲ್ಲ. ಲಾಡ್ಜಿಗೂ ಇದೇ ಪಾಡು, ಏಕೆಂದರೆ ಲಾಡ್ಜಿಗೆ ಮಾಲೀಕ ಇರುತ್ತಾನೆ.

ರೆಸಾರ್ಟುಗಳು ಬಂದದ್ದು ಹಾಗೆ. ರೆಸಾರ್ಟಿನ ಒಂದೊಂದು ಕೋಣೆಯೂ ವಾರಕ್ಕೊಬ್ಬರಂತೆ ಐವತ್ತೆರಡು ಮನೆಗಳದ್ದು, ಅಂದರೆ ಯಾರದ್ದೂ ಅಲ್ಲ. ಅಂಥ ಕೋಣೆಯ ಬಾಗಿಲು ಯಾರಿಗೂ ಮುಚ್ಚುವುದಿಲ್ಲ. ನಮ್ಮಲ್ಲಿ ಅಂಥವು ನಾಲ್ಕಿವೆ: ಕೆರೆ, ಗುಡ್ಡ, ತೋಪು, ಗಿರಣಿ. ಗಿರಣಿ ಎಂದರೆ ಹಳೆಯ ಅಕ್ಕಿ ಗಿರಣಿಯನ್ನೇ ಸುಣ್ಣ ಬಳಿದು ಕೋಣೆ ಮಾಡಿದ್ದು. ಈಗಲೂ ಮೂಗಿಗೆ ತೌಡಿನ ವಾಸನೆ ಬರುತ್ತದೆ. ಪ್ರತಿ ಮನೆಗೆ ವರ್ಷಕ್ಕೆ ಅರವತ್ತು ಪಾಯಿಂಟ್. ಗಿರಣಿಗೆ ನಲವತ್ತು, ಕೆರೆಗೆ ನೂರಿಪ್ಪತ್ತು. ಮೂರು ವರ್ಷ ಗಿರಣಿಯಲ್ಲಿ ತೌಡಿನ ವಾಸನೆ ಕುಡಿದು ಉಳಿಸಿದರೆ ನಾಲ್ಕನೇ ವರ್ಷ ಕೆರೆ ಸಿಗುತ್ತದೆ. ಆ ವರ್ಷ ಹೋಗದಿದ್ದರೆ ಉಳಿಸಿದ್ದೆಲ್ಲ ಅಳಿಸಿಹೋಗಿ ಮತ್ತೆ ಮೊದಲಿನಿಂದ ಶುರು.

ನಾನು ಪಾಯಿಂಟ್ ಕಚೇರಿಯ ಒಂದನೇ ಕೌಂಟರಿನ ಗುಮಾಸ್ತ, ಚಿದಂಬರ. ಅದಕ್ಕೆ ಮೊದಲು ಹನ್ನೊಂದು ವರ್ಷ ಊರಿನ ಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದೆ. ಮುಚ್ಚುವ ಮನೆಗಳ ಪಟ್ಟಿ ಆಗ ನನ್ನ ಕೈಯಿಂದಲೇ ಹೋಗುತ್ತಿತ್ತು, ಒಂದು ನಂಬರೂ ತಪ್ಪಿದ್ದಿಲ್ಲ. ಎರಡು ಅರ್ಥ ಬರುವ ವಾಕ್ಯ ಕಂಡರೆ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಪ್ರಶ್ನೆಯ ಗುರುತು ಹಾಕಿ ವರದಿಗಾರನನ್ನು ಕೇಳಿಯೇ ಮುಂದೆ ಕಳಿಸುತ್ತಿದ್ದೆ. ಪತ್ರಿಕೆ ಬಿಟ್ಟರೂ ಆ ಪೆನ್ಸಿಲ್ಲು ಬಲಗಿವಿಯ ಮೇಲಿನಿಂದ ಇಳಿಯಲಿಲ್ಲ. ಕಚೇರಿಗೆ ಬರುವವರು ನನ್ನನ್ನು ಪೆನ್ಸಿಲ್ ಸಾರ್ ಎನ್ನುತ್ತಾರೆ. ಆ ಹೆಸರು ನನಗೆ ಇಷ್ಟವಾಗಿತ್ತು.

ಆ ವರ್ಷ ನನಗೂ ನಾಲ್ಕನೇ ವರ್ಷ. ಮಗಳು ಮೇದಿನಿಗೆ ಒಂಬತ್ತು ತುಂಬಿತ್ತು. ಮೂರು ವರ್ಷದಿಂದ ಅವಳಿಗೆ ದೋಣಿ ಹತ್ತಿಸುತ್ತೇನೆ ಎಂದು ಹೇಳಿಕೊಂಡು ಬಂದಿದ್ದೆ. ಆದರೆ ಕಚೇರಿಯ ನೌಕರರಿಗೆ ಬುಕಿಂಗ್ ಕೊನೆಯಲ್ಲಿ. ನನ್ನ ಸರದಿ ಬರುವಷ್ಟರಲ್ಲಿ ಕೆರೆಯ ಹನ್ನೆರಡು ಕೋಣೆಗಳೂ ಮುಗಿದಿದ್ದವು. ಗಿರಣಿಯಲ್ಲಿ ಒಂದು ಕೋಣೆ ಹಿಡಿದಿಟ್ಟು, ಕೆರೆಯ ಕಾಯುವವರ ಪಟ್ಟಿಯಲ್ಲಿ ಹೆಸರು ಬರೆಸಿದೆ. ಮೊದಲನೆಯ ಹೆಸರು ನನ್ನದೇ.

ಇನ್ನು ಗಾಣಿಗರ ಬೀದಿಯ ಮನೆ. ಅಲ್ಲಿರುವವರು ಮೂವರು. ಮದುವೆ ಅಡುಗೆಯ ಷಡಕ್ಷರಿ, ಅವರ ಹೆಂಡತಿ ಸರ್ವಮಂಗಳ, ತಾಯಿ ಪುಟ್ಟತಾಯಮ್ಮ. ಪುಟ್ಟತಾಯಮ್ಮನವರಿಗೆ ಎಂಬತ್ತೊಂದು. ಅವರು ಒಮ್ಮೆಯೂ ಕೆರೆ ನೋಡಿರಲಿಲ್ಲ. ಹಿಂದೆ ಎರಡು ಸಲ ಪಾಯಿಂಟ್ ಕೂಡಿಸಿ ಎರಡು ಸಲವೂ ಅಳಿಸಿಹೋಗಿತ್ತು. ಒಮ್ಮೆ ಯಜಮಾನರು ತೀರಿಕೊಂಡ ವರ್ಷ, ಇನ್ನೊಮ್ಮೆ ಅವರದೇ ಮೊಣಕಾಲಿನ ಆಪರೇಷನ್ನು ಅದೇ ವಾರ ಬಿತ್ತು. ಈ ಸಲ ಬುಕಿಂಗ್ ಮಾಡಿಸಲು ಸೊಸೆಯ ಜೊತೆ ತಾವೇ ಬಂದಿದ್ದರು. ಕೌಂಟರಿನ ಹಲಗೆಗೆ ಗದ್ದ ತಾಗಿಸಿ ನಿಂತು, "ಅಲ್ಲಿ ಹಾಸಿಗೆಗೇ ಕಾಫಿ ತಂದ್ಕೊಡ್ತಾರಂತೆ, ಹೌದೇನಪ್ಪ?" ಎಂದು ಕೇಳಿದ್ದರು.

"ಹೌದಮ್ಮ. ಕೆರೇಲಿ ಮಾತ್ರ."

"ಎದ್ದು ಕೂತ್ರೆ ಸಾಕಾ, ಇಲ್ಲಾ ಮುಖ ತೊಳ್ಕೊಂಡಿರ್ಬೇಕಾ?"

"ಅತ್ತೆ, ಸಾರಿಗೆ ಕೆಲಸ ಇದೆ, ಬನ್ನಿ," ಎಂದು ಸರ್ವಮಂಗಳ ನಕ್ಕು, ನನಗೆ ಹೇಳಿದರು: "ಅರವತ್ತು ವರ್ಷ ಎಲ್ರಿಗೂ ಕಾಫಿ ಮಾಡಿ ಕೊಟ್ಟೋರು ಸಾರ್. ಒಂದು ವಾರ ಮಲಗಿದ್ ಕಡೆ ಕುಡೀಬೇಕಂತೆ. ಬೇರೆ ಯಾವ ಆಸೇನೂ ಇಲ್ಲ."

ಕೆಳ ಅಂತಸ್ತಿನ ಆರನೇ ಕೋಣೆ, ಮೂವರಿಗೆ. ನಾನೇ ಬರೆದೆ.

ಮನೆ ಮುಚ್ಚುವುದಕ್ಕೆ ಇಪ್ಪತ್ತಮೂರು ದಿನ ಮೊದಲು, ಗುರುವಾರ, ಸರ್ವಮಂಗಳ ಒಬ್ಬರೇ ಬಂದರು. ಗಂಟೆ ಹನ್ನೆರಡೂವರೆ ದಾಟಿತ್ತು. ಬಿಸಿಲಿಗೆ ಮುಖ ಕೆಂಪಾಗಿತ್ತು, ಕೈಯಲ್ಲಿ ತರಕಾರಿ ಚೀಲ, ಬಸ್ಸಿಗೆ ಹೊತ್ತಾಗಿತ್ತು.

"ಸಾರ್, ನಮ್ಮನೆಯವರು ಬರಲ್ಲ. ಆ ವಾರ ನಾಲ್ಕು ಮದುವೆ ಇದೆ. ಬರ್ಕೊಂಡ್ಬಿಡಿ."

ಇಂಥದ್ದಕ್ಕೆ ಬದಲಾವಣೆ ಅರ್ಜಿ ಎಂದು ಒಂದಿದೆ. ಅದರಲ್ಲಿ ಎರಡು ಚೌಕ. ಒಂದರ ಮುಂದೆ 'ಸಂಖ್ಯೆಯಲ್ಲಿ ಬದಲಾವಣೆ', ಇನ್ನೊಂದರ ಮುಂದೆ 'ರದ್ದು'. ಕೆಳಗೆ ಕಾರಣ ಬರೆಯಲು ಒಂದು ಸಾಲು. ಅದರ ಕೆಳಗೆ ಅರ್ಜಿದಾರರ ಸಹಿ. ನಾನು ಅರ್ಜಿಯನ್ನು ಮುಂದೆ ತಳ್ಳಿದೆ. "ಮಿಕ್ಕಿದ್ದು ನೀವೇ ತುಂಬ್ಕೊಳ್ಳಿ ಸಾರ್, ಬಸ್ಸು ಹೋಗತ್ತೆ," ಎಂದು ಸರ್ವಮಂಗಳ ಸಹಿ ಹಾಕಿ ಹೋದರು. ಆಗ ಗಂಟೆ ಹನ್ನೆರಡು ನಲವತ್ತು.

ಕಾರಣದ ಸಾಲಿನಲ್ಲಿ ನಾನು ಬರೆದೆ: ಮನೆಯವರು ಬರುವುದಿಲ್ಲ.

ಬರೆದು ಅದನ್ನೇ ನೋಡಿದೆ. ಮನೆಯವರು ಎಂದರೆ ಮನೆಯಲ್ಲಿರುವ ಎಲ್ಲರೂ. ಮನೆಯವರು ಎಂದರೆ ಗಂಡ. ನಮ್ಮ ಕಡೆ ಗಂಡನ ಹೆಸರು ಹೇಳದ ಯಾವ ಹೆಂಗಸಿನ ಬಾಯಲ್ಲಾದರೂ ಆ ಪದಕ್ಕೆ ಎರಡನೆಯದೇ ಅರ್ಥ. ಸರ್ವಮಂಗಳ ಗಂಡನ ಹೆಸರು ಹೇಳುವವರಲ್ಲ. ಬುಕಿಂಗ್ ದಿನ ಅರ್ಜಿಯಲ್ಲಿ ಷಡಕ್ಷರಿ ಎಂದು ಬರೆಸುವಾಗ ಅತ್ತೆಯ ಕಡೆ ತಿರುಗಿ "ನೀವೇ ಹೇಳಿ" ಎಂದಿದ್ದರು. ಅದೂ ನನಗೆ ನೆನಪಿತ್ತು. ಪತ್ರಿಕೆಯ ಕಚೇರಿಯಲ್ಲಾಗಿದ್ದರೆ ಆ ಸಾಲಿನ ಪಕ್ಕ ಪ್ರಶ್ನೆಯ ಗುರುತು ಬೀಳುತ್ತಿತ್ತು. ಬಸ್ ನಿಲ್ದಾಣ ಇನ್ನೂರು ಹೆಜ್ಜೆ, ಬಸ್ಸು ಹೊರಡುವುದು ಹನ್ನೆರಡು ಐವತ್ತಕ್ಕೆ. ಓಡಿ ಹೋಗಿ ಕೇಳಬಹುದಿತ್ತು. ನಾನು ಕೂತೇ ಇದ್ದೆ. ಪೆನ್ಸಿಲ್ಲು ಕಿವಿಯ ಮೇಲೇ ಇತ್ತು.

ಹನ್ನೆರಡು ನಲವತ್ತೇಳಕ್ಕೆ, ಪೆನ್ನಿನಲ್ಲಿ, 'ರದ್ದು' ಎಂಬ ಚೌಕದೊಳಗೆ ಗುರುತು ಹಾಕಿದೆ. ಹನ್ನೆರಡು ಐವತ್ತಕ್ಕೆ ಆರನೇ ಕೋಣೆಯನ್ನು ಕಾಯುವವರ ಪಟ್ಟಿಯ ಮೊದಲನೆಯ ಹೆಸರಿಗೆ ಹಂಚಿದೆ. ನನ್ನ ಗಿರಣಿಯ ಕೋಣೆಯನ್ನು ಬಿಟ್ಟುಕೊಟ್ಟೆ. ಅದು ಐದು ಜನರ ಒಂದು ಸಂಸಾರಕ್ಕೆ ಹೋಯಿತು. ರದ್ದಾದವರಿಗೆ ಪತ್ರ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ರದ್ದು ಮಾಡಿಸಿದವರಿಗೆ ಅದು ಗೊತ್ತೇ ಇರುತ್ತದೆ ಎಂದು ನಿಯಮ ಬರೆದವರು ತಿಳಿದಿದ್ದರು.

ಆ ಸಂಜೆ ಮನೆಗೆ ಹೋಗಿ "ಕೆರೆ ಸಿಕ್ಕಿತು" ಎಂದೆ. ಮೇದಿನಿ ಮಂಚದ ಮೇಲೆ ಹತ್ತಿ ಕುಣಿದಳು. ನನ್ನ ಹೆಂಡತಿ ಇಂದುಮತಿ, "ಯಾರೋ ಪುಣ್ಯಾತ್ಮರು ಬಿಟ್ಟಿರ್ಬೇಕು" ಎಂದಳು. ಮುಂದಿನ ಇಪ್ಪತ್ತಮೂರು ದಿನ ನಾನು ನನಗೇ ಒಂದು ಸಮಾಧಾನ ಹೇಳಿಕೊಂಡೆ: ಪದಕ್ಕೆ ಆ ಅರ್ಥವೂ ಇದೆ. ನಿಘಂಟಿನಲ್ಲಿ ಅದೇ ಮೊದಲನೆಯದು. ಒಂದು ದಿನ ನಿಘಂಟು ತೆಗೆದು ನೋಡಿಯೂ ನೋಡಿದೆ.

ಶನಿವಾರ ನಾವು ಮೊದಲನೇ ಬಸ್ಸಿಗೆ ಹೋಗಿ ಎಂಟಕ್ಕೆಲ್ಲ ಕೆರೆ ಸೇರಿದೆವು. ಇಂದುಮತಿ ಮತ್ತು ಮೇದಿನಿ ತಿಂಡಿ ತಿಂದು ದೋಣಿ ಕಟ್ಟೆಗೆ ಹೋದರು. ನಾನು ಊಟದ ಹಾಲಿನಲ್ಲಿ ಎರಡನೇ ಕಾಫಿ ಹಿಡಿದು ಕೂತಿದ್ದೆ. ಊಟದ ಹಾಲಿಗೂ ರಿಸೆಪ್ಷನ್ನಿಗೂ ಮಧ್ಯೆ ಎದೆಯೆತ್ತರದ ಮರದ ಅಡ್ಡಗೋಡೆ. ಹನ್ನೊಂದು ಇಪ್ಪತ್ತಕ್ಕೆ ಊರುಗೋಲಿನ ಸದ್ದು ಕೇಳಿಸಿತು.

"ಹದಿನೇಳು, ಗಾಣಿಗರ ಬೀದಿ. ಕೆಳಗಡೆ ಕೋಣೆ," ಎಂದಿತು ಸರ್ವಮಂಗಳ ಅವರ ದನಿ.

ರಿಸೆಪ್ಷನ್ನಿನಲ್ಲಿದ್ದ ಸಿರಿಲ್ ಪುಟ ತಿರುವಿದ. "ಅದು ರದ್ದಾಗಿದೆಯಲ್ಲಮ್ಮ."

"ಯಾರು ರದ್ದು ಮಾಡಿದ್ದು?"

"ನೀವೇ. ಸಹಿ ಇದೆ ನೋಡಿ. ಕಾರಣಾನೂ ಇದೆ. 'ಮನೆಯವರು ಬರುವುದಿಲ್ಲ.'"

ಸರ್ವಮಂಗಳ ನಕ್ಕರು. ಬಾಯಿಗೆ ಸೆರಗು ಒತ್ತಿಕೊಂಡು ನಗುವ ನಗು.

"ಅಯ್ಯೋ ನಿಮ್ಮ! ಮನೆಯವರು ಅಂದ್ರೆ ನಮ್ಮ ಯಜಮಾನ್ರು ಕಣಪ್ಪ! ಅವರು ಬರಲ್ಲ ಅಂದೆ. ನಾವು ಬರಲ್ಲ ಅಂದ್ನಾ? ಕೇಳಿದ್ರಾ ಅತ್ತೆ, ನಮ್ಮನ್ನೂ ಮನೆಯವರಲ್ಲಿ ಸೇರಿಸ್ಬಿಟ್ಟಿದಾರೆ!"

"ಸೇರಿಸಿದ್ರೆ ಒಳ್ಳೇದೇ ಆಯ್ತಲ್ಲ," ಎಂದರು ಪುಟ್ಟತಾಯಮ್ಮ. "ಕೋಣೆ ಎಲ್ಲಿ?"

ಕೋಣೆ ಬೇರೆಯವರಿಗೆ ಹೋಗಿದೆ ಎಂದು ಸಿರಿಲ್ ಹೇಳಿದ. ಯಾರಿಗೆ ಎಂದು ಹೇಳುವಂತಿಲ್ಲ ಎಂದೂ ಹೇಳಿದ. ಗುಡ್ಡಕ್ಕೆ, ತೋಪಿಗೆ, ಗಿರಣಿಗೆ ಒಂದೊಂದೇ ಫೋನ್ ಮಾಡಿದ. ಮೂರೂ ಕಡೆಯಿಂದ ಇಲ್ಲ ಎಂದು ಬಂತು. ಅಷ್ಟರಲ್ಲಿ ನಾನು ಮೇಜಿನ ಮೇಲಿದ್ದ ಪತ್ರಿಕೆಯನ್ನು ತೆಗೆದು ಮುಖದ ಮುಂದೆ ಬಿಡಿಸಿ ಹಿಡಿದಿದ್ದೆ. ಅದು ಹಿಂದಿನ ಭಾನುವಾರದ್ದು. ಕೊನೆಯ ಪುಟ ನನ್ನ ಕಡೆಗೇ ಇತ್ತು. ಎರಡನೇ ಕಾಲಮ್ಮಿನಲ್ಲಿ ಗಾಣಿಗರ ಬೀದಿ ಹದಿನೇಳು, ಅದರ ಕೆಳಗೆ ಒಂಬತ್ತನೆಯ ಸಾಲಿನಲ್ಲಿ ನಮ್ಮ ಮನೆ.

"ಇದನ್ನ ಬರೆದೋರು ಯಾರಪ್ಪ?"

"ಚಿದಂಬರ ಅಂತ ಸಹಿ ಇದೆ."

"ಪೆನ್ಸಿಲ್ ಸಾರಾ? ಪಾಪ, ಬಲು ಒಳ್ಳೆಯವರು. ನಾನೇ ಬಸ್ಸಿಗೆ ಹೊತ್ತಾಯ್ತು ಅಂತ ಅರ್ಧಂಬರ್ಧ ಹೇಳಿ ಓಡ್ಹೋದೆ."

ಹತ್ತು ಹೆಜ್ಜೆ ದೂರ. ಎದ್ದು ನಿಂತರೆ ಸಾಕಿತ್ತು, ಅಡ್ಡಗೋಡೆಯ ಮೇಲಿನಿಂದ ನನ್ನ ತಲೆ ಕಾಣುತ್ತಿತ್ತು. ನಾನು ಪತ್ರಿಕೆಯನ್ನು ಇನ್ನೂ ಎರಡು ಅಂಗುಲ ಮೇಲಕ್ಕೆ ಎತ್ತಿದೆ.

ಹನ್ನೆರಡೂವರೆಯ ಬಸ್ಸಿನ ತನಕ ಅವರಿಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಸಿರಿಲ್ ಒಳ್ಳೆಯ ಹುಡುಗ, ಅಡುಗೆ ಮನೆಯಿಂದ ಎರಡು ಕಾಫಿ ತರಿಸಿದ. ಸರ್ವಮಂಗಳ ಕುಡಿದರು. ಪುಟ್ಟತಾಯಮ್ಮ ಲೋಟವನ್ನು ಪಕ್ಕಕ್ಕೆ ಸರಿಸಿದ್ದು ಕಿಟಕಿಯಿಂದ ಕಾಣಿಸಿತು. "ಬೆಂಚಿನ ಮೇಲೆ ಕುಡಿಯೋದಾದ್ರೆ ನಮ್ಮ ಜಗಲೀಲೇ ಕುಡೀಬಹುದಿತ್ತು," ಎಂದರು.

ಅವರು ಎಲ್ಲಿಗೆ ಹೋದರು ಎಂಬುದು ನನಗೆ ಮಧ್ಯಾಹ್ನವೇ ತಿಳಿಯಿತು. ಕೆರೆಗೆ ಬಂದ ಬಸ್ಸಿನ ಕಂಡಕ್ಟರ್ ಹೇಳಿದ. ನಮ್ಮೂರಿನಲ್ಲಿ ಬಾಗಿಲೇ ಇಲ್ಲದ ಸೂರು ಒಂದೇ, ಬಸ್ ನಿಲ್ದಾಣ. ಮೂರು ಗೋಡೆ, ಮೇಲೆ ತಗಡು. ಹೆಂಗಸರ ಕಡೆಯ ಸಿಮೆಂಟು ಬೆಂಚಿನ ಮೇಲೆ ಅತ್ತೆ, ಕೆಳಗೆ ಚಾಪೆಯ ಮೇಲೆ ಸೊಸೆ. ಊರಿನವರು ಯಾರೂ ಮನೆಗೆ ಕರೆಯುವಂತಿರಲಿಲ್ಲ. ಅದರ ಬದಲು ಚಾಪೆ, ಕಂಬಳಿ, ಚಿತ್ರಾನ್ನ, ಮೊಸರನ್ನ ತಂದುಕೊಟ್ಟರು. ಷಡಕ್ಷರಿ ಪಕ್ಕದ ತಾಲೂಕಿನ ಮದುವೆಯ ಚಪ್ಪರದಲ್ಲಿದ್ದರು. ಫೋನಿನಲ್ಲಿ ವಿಷಯ ಕೇಳಿ ಹೊರಟೇಬಿಡುತ್ತೇನೆ ಎಂದರಂತೆ. "ಒಲೆ ಮೇಲೆ ಅನ್ನ ಬಿಟ್ಟು ಬರಬೇಡ, ಕೂತು ಉಣ್ಣೋರು ಏನಂದಾರು," ಎಂದು ತಾಯಿಯೇ ತಡೆದರಂತೆ.

ಈ ಕತೆ ಬಸ್ಸಿನ ಜೊತೆಗೇ ಓಡಾಡಿತು. ಭಾನುವಾರದ ಹೊತ್ತಿಗೆ ಕಂಡಕ್ಟರುಗಳು ನಿಲ್ದಾಣದಲ್ಲಿ "ಮನೆಯವರು ಬರ್ತಾರಾ, ಬರಲ್ವಾ? ರೈಟ್!" ಎಂದು ಸೀಟಿ ಊದುತ್ತಿದ್ದರು. ಸೋಮವಾರ ಕೆರೆಯ ಊಟದ ಹಾಲಿನಲ್ಲಿ ಎಲ್ಲ ಮೇಜಿನಲ್ಲೂ ಅದೇ ನಗೆ. ನನ್ನನ್ನು ಗುರುತು ಹಿಡಿದ ಒಬ್ಬರು ಬೆನ್ನು ತಟ್ಟಿ, "ಏನ್ ಪೆನ್ಸಿಲ್ ಸಾರ್, ಮನೆಯವರನ್ನೇ ಅಳಿಸ್ಬಿಟ್ರಲ್ಲ!" ಎಂದರು. ಯಾರಿಗೂ ಸಿಟ್ಟಿರಲಿಲ್ಲ. ಸಿಟ್ಟು ಬರುವಂಥದ್ದು ಅವರಿಗೆ ಏನೂ ತಿಳಿದಿರಲಿಲ್ಲ. ನಾನೂ ನಕ್ಕೆ. ಆ ಮೂರು ದಿನದಲ್ಲಿ ನಾನು ಮಾಡಿದ ಕೆಲಸಗಳಲ್ಲಿ ಈಗ ನೆನೆಸಿಕೊಂಡರೆ ಮೈ ಹಿಡಿಯಾಗುವುದು ಆ ನಗುವಿಗೇ.

ಕಾಫಿ ದಿನಾ ಬೆಳಿಗ್ಗೆ ಆರೂವರೆಗೆ ಬರುತ್ತಿತ್ತು. ಸ್ಟೀಲಿನ ತಟ್ಟೆ, ಎರಡು ಲೋಟ, ಪುಟ್ಟ ಬಟ್ಟಲಿನಲ್ಲಿ ಬೇರೆಯಾಗಿ ಸಕ್ಕರೆ. ಭಾನುವಾರ ಕುಡಿದೆ. ಸೋಮವಾರ ಅರ್ಧ ಕುಡಿದು ಬಚ್ಚಲಿಗೆ ಚೆಲ್ಲಿದೆ. ಮಂಗಳವಾರ ಲೋಟ ಮುಟ್ಟಲಿಲ್ಲ. ಇಂದುಮತಿ ಹಾಸಿಗೆಯ ಮೇಲೆ ಕಾಲು ಮಡಿಸಿ ಕೂತು ನನ್ನನ್ನೇ ನೋಡುತ್ತಿದ್ದಳು. ಮೇದಿನಿ ಇನ್ನೂ ಎದ್ದಿರಲಿಲ್ಲ.

"ರೀ, ಎಲ್ರೂ ನಗ್ತಿದಾರಲ್ಲ, ಆ ಹೆಂಗಸರ ಕೋಣೆ ಯಾವುದು?"

"ಇದೇ," ಎಂದೆ.

ಅವಳು ಲೋಟ ಕೆಳಗಿಟ್ಟಳು. "ನಿನ್ನೆ ಅಮ್ಮ ಫೋನ್ ಮಾಡಿದಾಗ ನಾನೇನಂದೆ? ನಮ್ಮನೆಯವರು ಸ್ನಾನ ಮಾಡ್ತಿದಾರೆ ಅಂದೆ. ಅಮ್ಮ ಏನು, ನಾವು ಮೂರೂ ಜನ ಒಟ್ಟಿಗೆ ಬಚ್ಚಲಲ್ಲಿದೀವಿ ಅಂದ್ಕೊಂಡ್ಳಾ?"

"ತಪ್ಪಾಗಿದೆ."

"ತಪ್ಪಾಗಿದ್ಯಾ, ತಪ್ಪು ಮಾಡಿದ್ರಾ?"

ವ್ಯಾಕರಣದ ಅಂಥ ಪ್ರಶ್ನೆಗಳನ್ನು ಹನ್ನೊಂದು ವರ್ಷ ನಾನು ಬೇರೆಯವರನ್ನು ಕೇಳಿದ್ದೆ. ಇಂದುಮತಿ ಎದ್ದು, ಗೂಟಕ್ಕೆ ನೇತುಹಾಕಿದ್ದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಮಡಿಸತೊಡಗಿದಳು. ಮೇದಿನಿಯ ಒದ್ದೆ ಫ್ರಾಕನ್ನು ಬೇರೆ ಕವರಿಗೆ ಹಾಕಿದಳು. "ಮೂರು ಗಂಟೆ ಬಸ್ಸಿದೆ. ಅಷ್ಟರಲ್ಲಿ ಹಾಸಿಗೆ ಬಟ್ಟೆ ಬದಲಾಯಿಸೋಕೆ ಸಿರಿಲ್‌ಗೆ ಹೇಳಿ," ಎಂದಳು.

ನಾವು ಬಸ್ ನಿಲ್ದಾಣ ತಲುಪಿದಾಗ ನಾಲ್ಕು ಗಂಟೆ ಹತ್ತು ನಿಮಿಷ. ಪುಟ್ಟತಾಯಮ್ಮ ಬೆಂಚಿನ ಮೇಲೆ ಗೋಡೆಗೆ ಒರಗಿ, ಆಪರೇಷನ್ ಆದ ಕಾಲನ್ನು ಮಡಿಸಿಟ್ಟ ಕಂಬಳಿಯ ಮೇಲೆ ಚಾಚಿಕೊಂಡಿದ್ದರು. ಕಾಲು ಊದಿತ್ತು. ಪಕ್ಕದಲ್ಲಿ ಸರ್ವಮಂಗಳ ಯಾರೋ ತಂದುಕೊಟ್ಟ ಕಾಕಡ ಮೊಗ್ಗು ಕಟ್ಟುತ್ತಿದ್ದರು. ನನ್ನನ್ನು ನೋಡಿ ಅವರ ಮುಖ ಅರಳಿತು.

"ಬನ್ನಿ ಸಾರ್, ಬನ್ನಿ! ನಮ್ಮನೆ ನೋಡೋಕೆ ಬಂದ್ರಾ? ಕೂತ್ಕೊಳ್ಳಿ, ನಮ್ಮನೆಯವರು ಯಾರೂ ಇಲ್ಲ!" ಎಂದು ತಾವೇ ನಕ್ಕರು.

ಆರನೇ ಕೋಣೆ ನನಗೇ ಹೋಗಿತ್ತು ಎಂದು ಹೇಳಿದೆ. ಅದನ್ನು ಬಿಟ್ಟು ಬಂದಿದ್ದೇವೆ, ಐದು ಗಂಟೆಯ ಬಸ್ಸಿಗೆ ನೀವಿಬ್ಬರೂ ಹೊರಡಬೇಕು, ಶನಿವಾರದ ತನಕ ಅದು ನಿಮ್ಮದು ಎಂದೆ. ತಪ್ಪಾಯಿತು ಎಂದೆ. ಆ ಮಾತನ್ನು ದಾರಿಯುದ್ದಕ್ಕೂ ತಿದ್ದಿ ತಿದ್ದಿ ತಂದಿದ್ದೆ. 'ಮಾಡಿದೆ' ಎಂಬುದು ಬಾಯಿಯ ತನಕ ಬಂದು 'ಆಯಿತು' ಎಂದಾಗಿ ಹೊರಬಿತ್ತು.

"ಬಿಡಿ ಸಾರ್, ನಿಮ್ಮದೇನು ತಪ್ಪು. ಪದ ಹಾಗಿದೆ," ಎಂದರು ಸರ್ವಮಂಗಳ. "ಆದ್ರೆ ನೀವ್ಯಾಕೆ ಬಿಡ್ತೀರಾ? ಮಗು ಬೇರೆ ಇದೆ. ಐದೂ ಜನ ಒಂದೇ ಕೋಣೇಲಿರೋಣ. ಅತ್ತೆ ಒಂದು ಮಂಚ, ನೀವಿಬ್ರು ಒಂದು ಮಂಚ, ನಾನೂ ಮಗೂನೂ ಕೆಳಗೆ ಹಾಸ್ಕೊಂಡ್ರಾಯ್ತು. ಏನಂತೀಯ ಪುಟ್ಟಿ?"

ಮೇದಿನಿ ಆಗಲೇ ಅವರ ಮಡಿಲಿನ ಮೊಗ್ಗು ಆರಿಸಿ ಕೊಡುತ್ತಿದ್ದಳು. ಹೂಂ ಎಂದು ತಲೆಯಾಡಿಸಿದಳು.

ಇದೊಂದು ದಾರಿ ಕಣ್ಣೆದುರು ತೆರೆಯಿತು. ಎಲ್ಲರೂ ಒಟ್ಟಿಗೆ ಬಸ್ಸು ಹತ್ತುವುದು, ನಗುವುದು, ಊರಿನವರೂ ನಗುವುದು. ಇಂದುಮತಿ ನನ್ನ ಕಡೆ ನೋಡದೆ ಬಸ್ಸುಗಳ ಕಡೆ ನೋಡುತ್ತ ನಿಂತಿದ್ದಳು.

ಪುಟ್ಟತಾಯಮ್ಮ ಅಷ್ಟು ಹೊತ್ತೂ ನನ್ನ ಬಲಗಿವಿಯನ್ನು ನೋಡುತ್ತಿದ್ದರು.

"ಆ ಪೆನ್ಸಿಲ್ಲು ಯಾಕಪ್ಪ ಅಲ್ಲಿಟ್ಕೊಂಡಿರ್ತೀಯ?"

"ಅಭ್ಯಾಸಮ್ಮ. ಮೊದಲು ಪತ್ರಿಕೇಲಿದ್ದೆ. ಓದುವಾಗ ಅನುಮಾನ ಬಂದ್ರೆ ಪಕ್ಕದಲ್ಲಿ ಗುರುತು ಹಾಕೋಕೆ."

"ಎಂಥ ಅನುಮಾನ?"

"ಹೀಗೋ ಹಾಗೋ ಅಂತ. ಬರೆದೋರನ್ನ ಕೇಳಿ ಆಮೇಲೆ ಮುಂದಕ್ಕೆ ಕಳಿಸ್ತಿದ್ವಿ."

"ಹಾಗಾ." ಅವರು ಊದಿದ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಸ್ವಲ್ಪ ಆಚೆಗಿಟ್ಟರು. "ಅವತ್ತು ಅನುಮಾನ ಬರಲಿಲ್ವಾ?"

ಅವರ ದನಿಯಲ್ಲಿ ಕೊಂಕಿರಲಿಲ್ಲ. ಕಾಫಿಗೆ ಮುಖ ತೊಳೆದಿರಬೇಕಾ ಎಂದು ಕೇಳಿದ ದನಿಯಲ್ಲೇ ಕೇಳಿದರು. ಇಲ್ಲ ಎಂದರೆ ಅವರು ನಂಬುತ್ತಿದ್ದರು.

"ಬಂತು," ಎಂದೆ.

ಸರ್ವಮಂಗಳ ಅವರ ಕೈಯಲ್ಲಿ ಹೂವಿನ ದಾರ ನಿಂತಿತು. ಅವರು ನನ್ನನ್ನು ನೋಡಿದರು, ಮೇದಿನಿಯನ್ನು ನೋಡಿದರು, ಮಗುವಿನ ಕೈಯಲ್ಲಿದ್ದ ಎರಡು ಮೊಗ್ಗನ್ನು ತೆಗೆದುಕೊಂಡು ಕಟ್ಟಿ ಮುಗಿಸಿದರು. ಐದು ಜನ ಒಂದೇ ಕೋಣೆಯಲ್ಲಿರುವ ಮಾತನ್ನು ಅವರು ಮತ್ತೆ ಆಡಲಿಲ್ಲ. ಬ್ಯಾಗುಗಳನ್ನು ಬೆಂಚಿನ ಕೆಳಗಿನಿಂದ ಎಳೆಯತೊಡಗಿದರು. ನಾನು ಹಿಡಿಯಲು ಹೋದೆ. "ಬೇಡಿ," ಎಂದರು. ಸಾರ್ ಎನ್ನಲಿಲ್ಲ.

"ಕಾಫಿ ಎಷ್ಟೊತ್ತಿಗೆ ತರ್ತಾರೆ?" ಎಂದು ಕೇಳಿದರು ಪುಟ್ಟತಾಯಮ್ಮ.

"ಆರೂವರೆಗಮ್ಮ."

"ಸಕ್ಕರೆ ಅವರೇ ಹಾಕಿರ್ತಾರೋ, ಬೇರೆ ಕೊಡ್ತಾರೋ?"

"ಬೇರೆ."

"ಹೂಂ," ಎಂದು ಊರುಗೋಲಿಗೆ ಕೈ ಚಾಚಿದರು. ಇಂದುಮತಿ ಒಂದು ಕಡೆ, ಸರ್ವಮಂಗಳ ಇನ್ನೊಂದು ಕಡೆ ಹಿಡಿದು ಅವರನ್ನು ಬಸ್ಸು ಹತ್ತಿಸಿದರು. ಕಂಡಕ್ಟರ್ ಎಂದಿನಂತೆ "ಮನೆಯವರು ಬರ್ತಾರಾ?" ಎಂದು ಕೂಗಿದ. ಬಸ್ಸಿನೊಳಗೆ ಯಾರೋ ನಕ್ಕರು. ಸರ್ವಮಂಗಳ ನಗಲಿಲ್ಲ.

ಮಂಗಳವಾರ ಸಂಜೆಯಿಂದ ಶನಿವಾರ ಬೆಳಿಗ್ಗೆಯವರೆಗೆ ನಾವು ಮೂವರು ಆ ನಿಲ್ದಾಣದಲ್ಲಿದ್ದೆವು. ಅವರು ಬಿಟ್ಟುಹೋದ ಚಾಪೆ, ಕಂಬಳಿಗಳ ಮೇಲೆಯೇ ಮಲಗಿದೆವು. ಊರಿನವರು ನಮಗೂ ಚಿತ್ರಾನ್ನ ತಂದುಕೊಟ್ಟರು. ಕೋಣೆ ಬಿಟ್ಟುಕೊಟ್ಟ ದೊಡ್ಡ ಮನುಷ್ಯ ಎಂದು ನನ್ನನ್ನು ಹೊಗಳಿಯೂ ಹೋದರು. ಬುಧವಾರ ಮೇದಿನಿ "ನಾವ್ಯಾಕೆ ಇಲ್ಲಿದೀವಿ?" ಎಂದು ಕೇಳಿದಳು. "ನಿಮ್ಮಪ್ಪನ್ನ ಕೇಳು," ಎಂದಳು ಇಂದುಮತಿ. ನಾನು ಹೇಳಿದೆ. ಎರಡು ಚೌಕದ ಅರ್ಜಿಯ ವಿಷಯ, ಪೆನ್ಸಿಲ್ಲಿನ ವಿಷಯ, ಪತ್ರಿಕೆ ಅಡ್ಡ ಹಿಡಿದ ವಿಷಯ, ಏನನ್ನೂ ಬಿಡಲಿಲ್ಲ. ಅವಳು "ಹಾಗಾದ್ರೆ ನಾನು ಕೂತಿದ್ದ ದೋಣಿ ಆ ಅಜ್ಜೀದಾ?" ಎಂದಳು. ಹೌದು ಎಂದೆ. ಅವಳು ಎದ್ದು ಹೋಗಿ ಅಮ್ಮನ ಪಕ್ಕ ಕೂತಳು.

ಗುರುವಾರ ನಾನು ಪತ್ರಿಕೆಗೆ ಒಂದು ತಿದ್ದುಪಡಿ ಬರೆದೆ. ಅಂಥ ಸಾಲುಗಳನ್ನು ನೂರಾರು ಬರೆದಿದ್ದೇನೆ, ಕೈ ತಾನಾಗಿ ಹೋಗುತ್ತದೆ. 'ಗಾಣಿಗರ ಬೀದಿಯ ಹದಿನೇಳನೇ ನಂಬರಿನ ಮನೆಯ ಬುಕಿಂಗ್ ಅಚಾತುರ್ಯದಿಂದ ರದ್ದಾಗಿದ್ದು' ಎಂದು ಬರೆದು, ನಿಲ್ಲಿಸಿ, 'ಅಚಾತುರ್ಯದಿಂದ ರದ್ದಾಗಿದ್ದು' ಎಂಬುದನ್ನು ಹೊಡೆದುಹಾಕಿದೆ. ಅದರ ಮೇಲೆ 'ಗುಮಾಸ್ತ ಚಿದಂಬರ ಗೊತ್ತಿದ್ದೂ ರದ್ದು ಮಾಡಿದ್ದು' ಎಂದು ಬರೆದೆ. ಹಾಳೆಯನ್ನು ನಾನೇ ಪತ್ರಿಕೆಯ ಕಚೇರಿಯ ಪೆಟ್ಟಿಗೆಗೆ ಹಾಕಿ ಬಂದೆ.

ಶನಿವಾರ ಆರು ಗಂಟೆ ಹತ್ತು ನಿಮಿಷಕ್ಕೆ ಮನೆಗಳು ತೆರೆದವು. ಪುಟ್ಟತಾಯಮ್ಮ ನಾಲ್ಕು ದಿನ ಬೆಳಿಗ್ಗೆ ಹಾಸಿಗೆಯಲ್ಲಿ ಕಾಫಿ ಕುಡಿದರು ಎಂದು ಸಿರಿಲ್ ಆಮೇಲೆ ಹೇಳಿದ. ಏಳಾಗಬೇಕಿತ್ತು. ಭಾನುವಾರದ ಪತ್ರಿಕೆಯ ಕೊನೆಯ ಪುಟದಲ್ಲಿ, ಪಟ್ಟಿಯ ಕೆಳಗೆ, ನನ್ನ ತಿದ್ದುಪಡಿ ಅಚ್ಚಾಯಿತು. ನನ್ನ ಜಾಗಕ್ಕೆ ಬಂದವರು ಅದನ್ನು ತಿದ್ದಿದ್ದರು. 'ಗೊತ್ತಿದ್ದೂ' ಹೋಗಿ 'ಅಚಾತುರ್ಯದಿಂದ' ಮತ್ತೆ ಬಂದಿತ್ತು. ಪತ್ರಿಕೆಯ ರೂಢಿ ಅದೇ. ನಾನಿದ್ದಾಗ ನಾನೂ ಹಾಗೇ ತಿದ್ದುತ್ತಿದ್ದೆ. ಫೋನ್ ಮಾಡಿ ಕೇಳಿದ್ದಕ್ಕೆ, "ಅವಸರದಲ್ಲಿ ಬರೆದಿದ್ರೇನೋ ಅಂದ್ಕೊಂಡೆ ಸಾರ್," ಎಂದರು. ಮೇಲಧಿಕಾರಿಗೆ ನಡೆದದ್ದನ್ನು ಬರೆದುಕೊಟ್ಟೆ. ಅವರು ಅಚ್ಚಾದದ್ದನ್ನು ಕತ್ತರಿಸಿ ನನ್ನ ಕಾಗದಕ್ಕೆ ಅಂಟಿಸಿ, ಅಚಾತುರ್ಯ ಎಂದು ಷರಾ ಬರೆದು ಕಡತ ಮುಚ್ಚಿದರು. ಅರ್ಜಿಯಲ್ಲಿ ಮಾತ್ರ ಒಂದು ಸಾಲು ಹೊಸದಾಗಿ ಸೇರಿತು: 'ಮನೆಯವರು ಎಂದು ಬರೆಯಬಾರದು, ಹೆಸರು ಬರೆಯತಕ್ಕದ್ದು.' ಪೆನ್ಸಿಲ್ಲನ್ನು ನಾನು ಮೇಜಿನ ಒಳಗೆ ಇಟ್ಟೆ.

ಮರುವರ್ಷ ಬುಕಿಂಗ್ ಶುರುವಾದ ಮೂರನೇ ದಿನ ಸರ್ವಮಂಗಳ ಕಚೇರಿಗೆ ಬಂದರು. ಗಂಟೆ ಹನ್ನೊಂದೂಕಾಲು. ಕೈಯಲ್ಲಿ ತುಂಬಿದ ಅರ್ಜಿಯಿತ್ತು, ಗಿರಣಿಗೆ, ಮೂವರ ಹೆಸರಿನಲ್ಲಿ. ನನ್ನ ಕೌಂಟರಿನ ಮುಂದೆ ಆಗ ಯಾರೂ ಇರಲಿಲ್ಲ. ಎರಡನೇ ಕೌಂಟರಿನ ತಿಪ್ಪೇಸ್ವಾಮಿ ನಿಧಾನದ ಮನುಷ್ಯ, ಅವರ ಮುಂದೆ ಹತ್ತು ಜನರಿದ್ದರು. ಸರ್ವಮಂಗಳ ಅಲ್ಲಿ ಹನ್ನೊಂದನೆಯವರಾಗಿ ನಿಂತರು. ಅವರ ಸರದಿ ಬಂದಾಗ ಒಂದು ಗಂಟೆ ಐದು ನಿಮಿಷವಾಗಿತ್ತು.